ಪುಸ್ತಕದ ಬೆನ್ನೊಳಗಿದ್ದ ಹಲಸೂರು

ಲೈಬ್ರರಿ ಕೆಲಸವೆಂದರೆ ಸದ್ದಿಲ್ಲದ ಕೆಲಸ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ಇತಿಹಾಸ ವಿಭಾಗದಲ್ಲಿ ಕೂದಲು ನರೆಯುವವರೆಗೆ ದುಡಿದ ನನಗೆ ಇವತ್ತಿಗೂ ನೆನಪಾಗುವುದು ಸದ್ದುಗಳೇ. ಕಾರ್ಡ್ ಕ್ಯಾಟಲಾಗಿನ ಡ್ರಾಯರ್ ಎಳೆದಾಗಿನ ಕಿರ್ರೆನ್ನುವ ಶಬ್ದ, ತಾರೀಖಿನ ಮುದ್ರೆ ಒತ್ತುವ ಟಪ್ ಟಪ್, ನೆತ್ತಿಯ ಮೇಲೆ ಒಂದೇ ಸಮನೆ ಗೊಣಗುವ ಫ್ಯಾನು, ‘ಸೈಲೆನ್ಸ್’ ಬೋರ್ಡಿನ ಕೆಳಗೇ ಕೂತು ಪಿಸುಗುಟ್ಟುವ ಎಂ.ಎ. ಹುಡುಗಿಯರು. ಈಗ ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಎಷ್ಟು ನಿಶ್ಶಬ್ದವೆಂದರೆ, ಒಮ್ಮೊಮ್ಮೆ ಬೇಕೆಂದೇ ಬೀರುವಿನ ಡ್ರಾಯರ್ ಎಳೆದು ಮುಚ್ಚುತ್ತೇನೆ. “ಏನೇ ಹುಡುಕ್ತಿದ್ದೀಯ?” ಎಂದು ನಮ್ಮನೆಯವರು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ.

ಪಕ್ಕದ ಮನೆಯ ಸೊಸೆ ಈಚೆಗೆ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ದಿನ ಹೋಗುವ ಮುಂಚೆ ಬಂದು, “ಆಂಟಿ, ನೀವು ಅಷ್ಟು ವರ್ಷ ಮಾಡಿದ್ದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ” ಎಂದಳು. “ಸಾಫ್ಟ್‌ವೇರು ಅವರೇ ಕಲಿಸ್ತಾರಮ್ಮ. ಅವರು ಕಲಿಸದೇ ಇರೋದು ನನ್ನ ಹತ್ರ ಇದೆ, ಆದರೆ ಅದು ಕಾಫಿ ಕುಡಿಯೋಷ್ಟರಲ್ಲಿ ಮುಗಿಯಲ್ಲ” ಎಂದೆ. ಅವಳಿಗೆ ಬಸ್ಸಿಗೆ ತಡವಾಗುತ್ತಿತ್ತು, ಓಡಿದಳು. ಅವಳಿಗೆ ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇತಿಹಾಸ ಹುಡುಕಿಕೊಂಡು ಬರುವವರು ಮೊದಲ ದಿನ ಕೇಳುವ ಪ್ರಶ್ನೆ ಯಾವಾಗಲೂ ಒಂದೇ. “ಮೇಡಂ, ಕಂಟೋನ್ಮೆಂಟ್ ಬಗ್ಗೆ ಏನೇನಿದ್ಯೋ ಎಲ್ಲಾ ಕೊಟ್ಬಿಡಿ.” ನಾನು, “ಲಾರಿ ತಂದಿದ್ದೀರಾ?” ಎಂದು ಕೇಳುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರು ಮುಖ ಊದಿಸಿಕೊಳ್ಳುತ್ತಿದ್ದರು. ಆಮೇಲೆ ಕೂರಿಸಿಕೊಂಡು, ನಿಮಗೆ ಬೇಕಾದದ್ದು ಯಾರ ಕಥೆ, ಯಾವ ಬೀದಿ, ಯಾವ ಕಾಲ ಎಂದು ಒಂದೊಂದೇ ಬಿಡಿಸುತ್ತಿದ್ದೆ. ಹುಡುಕುವವರಿಗೆ ಪುಸ್ತಕ ತಂದುಕೊಡುವುದು ನಮ್ಮ ಕೆಲಸದ ಕೊನೆಯ ಭಾಗ. ಏನು ಹುಡುಕುತ್ತಿದ್ದೇವೆಂದು ಅವರ ಬಾಯಿಂದಲೇ ಹೊರಡಿಸುವುದು ಮೊದಲನೆಯದು.

ಎರಡನೆಯ ಪಾಠ, ಇತಿಹಾಸ ಇತಿಹಾಸದ ಕಪಾಟಿನಲ್ಲೇ ಇರುತ್ತದೆಂದು ನಂಬಬೇಡಿ. ನಾನು ಸೇರಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿ ದಂಡಿನ ಕಾಲದ ಶಿವಾಜಿನಗರದ ಬಗ್ಗೆ ಏನೂ ಸಿಗುತ್ತಿಲ್ಲವೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಪಶುವೈದ್ಯದ ಕಪಾಟಿನಲ್ಲಿ ಕುದುರೆಗಳ ಆರೈಕೆ ಎಂಬ ಹಳೆಯ ಪುಸ್ತಕವೊಂದಿತ್ತು. ಯಾರಿಗೋ ಅದನ್ನು ಇಳಿಸಿಕೊಡುವಾಗ ಹಾಗೇ ತಿರುವಿ ನೋಡಿದೆ. ಲಾಯ ಎಲ್ಲಿತ್ತು, ಹುಲ್ಲು ಯಾವ ಹಳ್ಳಿಯಿಂದ ಬರುತ್ತಿತ್ತು, ಲಾಳ ಹೊಡೆಯುವವರು ಯಾವ ಸಂದಿಯಲ್ಲಿದ್ದರು, ಎಲ್ಲ ಅದರಲ್ಲಿತ್ತು. ಆ ಹುಡುಗ ಪುಸ್ತಕವನ್ನು ಎದೆಗವಚಿಕೊಂಡು ಕುಣಿದದ್ದೊಂದು ಬಾಕಿ. ಅವತ್ತಿನಿಂದ ನಾನು ಕಪಾಟಿನ ಹೆಸರು ನೋಡುವುದನ್ನು ಬಿಟ್ಟು ಪುಸ್ತಕ ನೋಡುವುದನ್ನು ಕಲಿತೆ.

ಕಾರ್ಡುಗಳ ಕಾಲವೇ ಬೇರೆ. ಕಂಪ್ಯೂಟರಿನಲ್ಲಿ ಎಲ್ಲ ಪುಸ್ತಕವೂ ಒಂದೇ ಥರ ಕಾಣುತ್ತದೆ. ಕಾರ್ಡುಗಳು ಹಾಗಲ್ಲ. ತುಂಬ ಜನ ಹುಡುಕಿದ ಕಾರ್ಡಿನ ಅಂಚು ಕಪ್ಪಗಾಗಿ ಮೆತ್ತಗಾಗಿರುತ್ತಿತ್ತು. ಹೊಸದಾಗಿ ಬಂದವರಿಗೆ, “ಕೊಳೆಯಾದ ಕಾರ್ಡು ಮೊದಲು ನೋಡ್ರಪ್ಪ” ಎನ್ನುತ್ತಿದ್ದೆ. ಅವರಿಗಿಂತ ಹಿಂದೆ ಹುಡುಕಿದವರ ಬೆರಳೇ ಅವರಿಗೆ ದಾರಿ ತೋರಿಸುತ್ತಿತ್ತು. ಕಂಪ್ಯೂಟರ್ ಬಂದ ವರ್ಷ ಆ ಡ್ರಾಯರುಗಳನ್ನು ಹೊರಗೆ ಸಾಗಿಸಿದರು. ಅವು ಮೆಟ್ಟಿಲಿಳಿದು ಹೋಗುವುದನ್ನು ನೋಡಲಾರದೆ ನಾನು ಕ್ಯಾಂಟೀನಿಗೆ ಹೋಗಿ ಕೂತೆ. ಕಂಪ್ಯೂಟರ್ ಬೇಡ ಎನ್ನುವವಳಲ್ಲ ನಾನು. ಬೇಕು. ಆದರೆ ಬೇಜಾರಾಯಿತು, ಆಯಿತೆಂದೇ ಹೇಳುತ್ತೇನೆ.

ಈಗ ಬೈಂಡಿಂಗ್ ವಿಷಯಕ್ಕೆ ಬರುತ್ತೇನೆ. ಮಾಸಪತ್ರಿಕೆಗಳ ಬಿಡಿ ಸಂಚಿಕೆಗಳು ಒಂದು ವರ್ಷದವು ಸೇರಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೊಲಿಸಿ ದಪ್ಪ ರಟ್ಟು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ಹೊಲಿಸುವಾಗ ಹೊದಿಕೆಯ ಪುಟ, ಹಿಂದೆ ಮುಂದೆ ಇರುವ ಜಾಹೀರಾತಿನ ಪುಟ, ಎಲ್ಲ ಕಿತ್ತು ತೆಗೆಯಬೇಕು. ಇದು ನಮ್ಮೊಬ್ಬರ ಪದ್ಧತಿಯಲ್ಲ, ಎಷ್ಟೋ ಲೈಬ್ರರಿಗಳು ಹಾಗೇ ಮಾಡಿದವು. ಕಪಾಟಿನಲ್ಲಿ ಜಾಗ ಉಳಿಯುತ್ತದೆ, ಪುಸ್ತಕ ಲಕ್ಷಣವಾಗಿ ಕಾಣುತ್ತದೆ. ನಾನು ಸೇರಿದಾಗ ಮುಖ್ಯ ಗ್ರಂಥಪಾಲಕರಾಗಿದ್ದವರು ನಂಜುಂಡಯ್ಯನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಬಾಯಲ್ಲಿ ಲವಂಗ. “ನೋಡಮ್ಮ ವಿಮಲಾ, ಜನ ಇಲ್ಲಿಗೆ ಓದಕ್ಕೆ ಬರ್ತಾರೆ, ಹಲ್ಲುಪುಡಿ ಕೊಳ್ಳಕ್ಕಲ್ಲ” ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಪುಸ್ತಕಕ್ಕೆ ಧೂಳು ಕೂತರೆ ತಮಗೇ ಕೆಮ್ಮು ಬಂದಂತೆ ಆಡುತ್ತಿದ್ದರು. ಆ ಪುಟಗಳಲ್ಲಿ ಹಲ್ಲುಪುಡಿಯಲ್ಲದೆ ಬೇರೇನಾದರೂ ಇದ್ದೀತೆಂದು ಅವರಿಗೆ ಮಾತ್ರವಲ್ಲ, ನಮಗ್ಯಾರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ನಾನು ನಿವೃತ್ತಿಯ ಹತ್ತಿರ ಬಂದಾಗ, ಗೌತಮಿಯಿಂದ.

ಗೌತಮಿ ಹಲಸೂರಿನವಳು. ಕೆರೆಯ ಹಿಂದಿನ ಬೀದಿಗಳಲ್ಲಿ ತಲೆಮಾರುಗಳಿಂದ ಇರುವ ಬೌದ್ಧ ಮನೆತನ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಹಲಸೂರಿನ ಹೆಂಗಸರು ಓದು ಕಲಿತ ಬಗೆ ಅವಳ ಪಿಎಚ್.ಡಿ. ವಿಷಯ. ಅವಳ ಅಜ್ಜಿ ಮುನಿಯಮ್ಮ ಚಿಕ್ಕವಳಿದ್ದಾಗ ಅದೇ ಬೀದಿಯಲ್ಲಿ ಹೆಂಗಸರಿಗೆಂದೇ ಒಂದು ಓದುವ ಮನೆ ಇತ್ತಂತೆ. ಕಸ ಗುಡಿಸಿ, ಬಟ್ಟೆ ಒಗೆದು, ದಂಡಿನ ಬಂಗಲೆಗಳಲ್ಲಿ ದುಡಿದು ಬಂದ ಹೆಂಗಸರು ಸಂಜೆ ಅಲ್ಲಿ ಸೇರಿ ಅಕ್ಷರ ಕಲಿಯುತ್ತಿದ್ದರಂತೆ. ಬಾಗಿಲಲ್ಲಿ ಒಂದು ಬೋರ್ಡಿತ್ತು, ಅದನ್ನು ನೋಡಿಕೊಂಡೇ ತಾನು ಕೂಡಿಸಿ ಓದುವುದನ್ನು ಕಲಿತೆ ಎಂದು ಅಜ್ಜಿ ಹೇಳುತ್ತಿದ್ದರು. ಆ ಮನೆ ಯಾವತ್ತೋ ಬಿದ್ದುಹೋಗಿದೆ. ಅಲ್ಲಿ ಓದಿದವರಲ್ಲಿ ಉಳಿದಿದ್ದವರು ಅಜ್ಜಿ ಒಬ್ಬರೇ.

ಒಂದು ಸೆಮಿನಾರಿನಲ್ಲಿ ಗೌತಮಿ ಇದನ್ನು ಹೇಳಿದಾಗ, ಮುಂದೆ ಕೂತಿದ್ದ ಯಾರೋ, “ಅಜ್ಜಿ ಕಥೆ ಚೆನ್ನಾಗಿದೆ, ಇತಿಹಾಸ ಎಲ್ಲಿದೆ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರಂತೆ. ಅವಳ ಗೈಡ್ ರಾಜಶೇಖರ್ ಸರ್ ನಕ್ಕವರಲ್ಲ. ಆದರೆ ಅವರೂ ಖಡಾಖಂಡಿತವಾಗಿ ಹೇಳಿದ್ದರು. “ನಿಮ್ಮಜ್ಜಿ ಸುಳ್ಳು ಹೇಳ್ತಾರೆ ಅಂತ ಅಲ್ಲಮ್ಮ. ಅವರ ಮಾತಿನ ಪಕ್ಕದಲ್ಲಿ ಅಚ್ಚಾಗಿರೋದು ಏನಾದ್ರೂ ಒಂದು ಬೇಕು. ಇಲ್ಲಾಂದ್ರೆ ಆ ಅಧ್ಯಾಯ ಬಿಡಬೇಕಾಗುತ್ತೆ. ಟೈಮೂ ಇಲ್ಲ.”

ಇಷ್ಟನ್ನೂ ಹೇಳಿ ಅವಳು ನನ್ನ ಮೇಜಿನ ಮುಂದೆ ಕೂತಳು. “ಮೇಡಂ, ಆ ಅಧ್ಯಾಯ ಬಿಟ್ಟರೆ ನನ್ನ ಥೀಸಿಸ್‌ನಲ್ಲಿ ನಮ್ಮ ಬೀದಿನೇ ಇರಲ್ಲ. ಪಾಟಿ ದಿನಾ ಕೇಳ್ತಾರೆ, ನಮ್ಮ ಓದುಮನೆ ಬರ್ಕೊಂಡ್ಯಾ ಅಂತ. ಏನು ಹೇಳ್ಲಿ?” ಅಜ್ಜಿಯನ್ನು ಅವಳು ಪಾಟಿ ಎಂದೇ ಕರೆಯುತ್ತಿದ್ದಳು.

ಆ ಕಾಲದಲ್ಲಿ ಕಂಟೋನ್ಮೆಂಟಿನಿಂದ ಹೊರಡುತ್ತಿದ್ದ ಒಂದು ತಮಿಳು ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಓದುವ ಮನೆಯ ಪ್ರಕಟಣೆ ಬರುತ್ತಿತ್ತೆಂದೂ ಅಜ್ಜಿ ಹೇಳಿದ್ದರು. ಆ ಪತ್ರಿಕೆ ನಮ್ಮಲ್ಲಿತ್ತು! ನಾನೇ ಏಣಿ ಹತ್ತಿ ಸಂಪುಟಗಳನ್ನು ಇಳಿಸಿದೆ. ಗೌತಮಿ ಮೊದಲನೆಯದನ್ನು ತೆರೆದು ಕೊನೆಗೆ ಹೋದಳು. ಕತೆ ಮುಗಿಯುವುದರೊಂದಿಗೆ ಪತ್ರಿಕೆಯೂ ಮುಗಿದಿತ್ತು. ಮುಂದಿನ ಸಂಚಿಕೆ, ಅದರ ಮುಂದಿನದು, ಎಲ್ಲ ಹಾಗೇ. ಹೊದಿಕೆಯಿಲ್ಲ, ಕೊನೆಯ ಪುಟವಿಲ್ಲ, ಹೊಲಿಗೆಯ ಹತ್ತಿರ ಕಿತ್ತ ಕಾಗದದ ಸಣ್ಣ ಚೂರು ಮಾತ್ರ. ನಾನು ಸೇರುವುದಕ್ಕೆ ಎಷ್ಟೋ ಮೊದಲೇ ಬೈಂಡಾದ ಸಂಪುಟಗಳವು. ಬಹಳ ಲಕ್ಷಣವಾಗಿದ್ದವು. ನನಗೆ ನಂಜುಂಡಯ್ಯನವರ ಹಲ್ಲುಪುಡಿಯ ಮಾತು ನೆನಪಾಗಿ ಸಂಕಟವಾಯಿತು.

“ಬೇರೆ ಲೈಬ್ರರಿಲಿ ಇರಬಹುದಲ್ವಾ ಮೇಡಂ?” ಎಂದಳು. ಬರೆದು ಕೇಳಿದೆವು. ಪತ್ರಿಕೆ ಇದ್ದ ಕಡೆಯೂ ಸಿಕ್ಕಿದ್ದು ಕಿತ್ತ ಪ್ರತಿಗಳೇ. ಪದ್ಧತಿ ಎಲ್ಲ ಕಡೆ ಒಂದೇ ಅಲ್ಲವೇ? ಗೌತಮಿ ಬರುವುದು ಕಡಿಮೆಯಾಯಿತು. ಬಂದರೂ ಸುಮ್ಮನೆ ಕೂತು ಎದ್ದುಹೋಗುತ್ತಿದ್ದಳು.

ಹಾಗಿರುವಾಗ ಒಂದು ದಿನ ರಿಪೇರಿಗೆ ಕಳಿಸಬೇಕಾದ ಪುಸ್ತಕಗಳನ್ನು ಬೇರೆ ಮಾಡುತ್ತಿದ್ದೆ. ಭತ್ತದ ರೋಗಗಳ ಮೇಲಿನ ಒಂದು ಹಳೆಯ ಪುಸ್ತಕ ಬೆನ್ನು ಕಳಚಿಕೊಂಡು ಬಿದ್ದಿತ್ತು. ಹೊರಗಿನ ಬಟ್ಟೆ ಸಡಿಲಾಗಿ, ಒಳಗೆ ಗಟ್ಟಿಗೆಂದು ಅಂಟಿಸಿದ್ದ ಕಾಗದದ ಪಟ್ಟಿ ಇಣುಕುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸಿನ ಅರ್ಧ ಮುಖ, ಉದ್ದ ಜಡೆ, ಪಕ್ಕದಲ್ಲಿ ತಮಿಳು ಅಕ್ಷರ. ಕೇಶತೈಲದ ಜಾಹೀರಾತು. ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬಾರದು. ಆದರೆ ಪತ್ರಿಕೆಯ ಜಾಹೀರಾತು ಅನ್ನುವುದನ್ನು ತಿಳಿಯಲು ಅಕ್ಷರ ಬೇಕೇ? ಭತ್ತದ ಪುಸ್ತಕವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು, ಹೊರಗೊಯ್ಯುವ ಚೀಟಿ ಬರೆದಿಟ್ಟು, ಶಿವಾಜಿನಗರದ ಬಸ್ಸು ಹತ್ತಿದೆ.

ನಮ್ಮ ಲೈಬ್ರರಿಗೆ ಬೈಂಡಿಂಗ್ ಮಾಡುತ್ತಿದ್ದವರು ರಹಮತ್ ಸಾಬ್. ಅವರ ತಂದೆಯ ಕಾಲದಿಂದಲೂ ಅದೇ ಮನೆಯವರು. ಸಂದಿಯೊಳಗಿನ ಅಂಗಡಿಯಲ್ಲಿ ಮೈದಾ ಅಂಟಿನ ವಾಸನೆ ಯಾವಾಗಲೂ ಬಾಗಿಲಿಗಿಂತ ಮೊದಲೇ ಸಿಗುತ್ತಿತ್ತು. ಹುಳು ಬೀಳದಂತೆ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಪುಸ್ತಕದ ಬೆನ್ನು ತೋರಿಸಿ, ಇದೇನು ಸಾಬ್ರೇ ಎಂದೆ.

“ಕಾಗದ ಮೇಡಂ” ಎಂದರು.

“ಕಾಗದ ಅಂತ ನಂಗೂ ಗೊತ್ತು ಕಣ್ರೀ! ಎಲ್ಲಿಂದ ಬಂತು?”

“ನಿಮ್ದೇ! ಪತ್ರಿಕೆಯಿಂದ ಕಿತ್ತಿದ್ದು ಬಿಸಾಕೋದಾ? ನಮ್ಮ ಅಬ್ಬಾ ಬಿಡ್ತಿದ್ರಾ? ಬೈತಿದ್ರು. ಒಂದು ಲಾಟ್ ಬಂದ್ರೆ, ಪತ್ರಿಕೆದು ಕಿತ್ತಿದ್ದೆಲ್ಲಾ ಅದೇ ಲಾಟ್‌ದು ಬೇರೆ ಪುಸ್ತಕದ ಬೆನ್ನಿಗೆ ಪಟ್ಟಿ ಮಾಡಿ ಹಾಕೋದು. ಗಟ್ಟಿ ಕಾಗದ, ಮೇಡಂ. ನೋಡಿ, ಇನ್ನೂ ಹರಿದಿಲ್ಲ.” ಅವರ ಮುಖದಲ್ಲಿ ಹೆಮ್ಮೆಯಿತ್ತು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಳೆದುಹೋಯಿತೆಂದುಕೊಂಡ ಪುಟಗಳು ಇಷ್ಟು ವರ್ಷ ನಮ್ಮ ಕಪಾಟುಗಳಲ್ಲೇ ನಿಂತಿದ್ದವು, ಭತ್ತ ರೇಷ್ಮೆ ಲೆಕ್ಕಶಾಸ್ತ್ರಗಳ ಬೆನ್ನೊಳಗೆ. “ಆ ಲಾಟ್‌ನಲ್ಲಿ ಯಾವ್ಯಾವ ಪುಸ್ತಕ ಇತ್ತು?” ಎಂದು ಕೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. “ನಾನು ಆಗ ಅಂಟು ಕಲಸ್ತಿದ್ದೆ ಮೇಡಂ, ನಂಗೇನು ಗೊತ್ತು? ಆದ್ರೆ ಒಂದು ಲಾಟ್‌ಗೆ ಒಂದೇ ಥಾನ್ ಬಟ್ಟೆ. ಬಣ್ಣ ನೋಡ್ಕೊಂಡು ಹುಡುಕಿ.”

ಮರುದಿನ ಗೌತಮಿಗೆ ಫೋನ್ ಮಾಡಿದೆ. ಪತ್ರಿಕೆಯ ಸಂಪುಟಗಳ ರಟ್ಟಿನ ಬಟ್ಟೆ ಮಾಸಿದ ಪಾಚಿ ಹಸಿರು. ಇಬ್ಬರೂ ಒಂದು ಸಂಪುಟ ಹಿಡಿದುಕೊಂಡು, ಸೀರೆ ಅಂಗಡಿಯಲ್ಲಿ ರವಿಕೆಗೆ ಬಣ್ಣ ಹೊಂದಿಸುವವರಂತೆ ಕಪಾಟಿನಿಂದ ಕಪಾಟಿಗೆ ಅಲೆದೆವು. ಲೇಖಕರ ಹೆಸರಿನಿಂದ ಹುಡುಕಿದ್ದೆ, ವಿಷಯದಿಂದ ಹುಡುಕಿದ್ದೆ, ಬಣ್ಣದಿಂದ ಹುಡುಕಿದ್ದು ನನ್ನ ಸರ್ವೀಸಿನಲ್ಲೇ ಮೊದಲು. ಅಷ್ಟು ಸಂತೋಷ ಕೊಟ್ಟ ಹುಡುಕಾಟವೂ ಇನ್ನೊಂದಿಲ್ಲ.

ಆಗಿನ ಮುಖ್ಯ ಗ್ರಂಥಪಾಲಕರು ಮಾತ್ರ ಹೌಹಾರಿದರು. “ಏನ್ ಮೇಡಂ, ಚೆನ್ನಾಗಿರೋ ಪುಸ್ತಕದ ಬೆನ್ನು ಸೀಳ್ತೀರಾ?” ಅವರು ಹೇಳಿದ್ದು ಸರಿಯೇ. ಒಂದು ಪುಸ್ತಕಕ್ಕಾಗಿ ಇನ್ನೊಂದನ್ನು ಹಾಳು ಮಾಡುವವರು ನಮ್ಮ ಕೆಲಸಕ್ಕೆ ಲಾಯಕ್ಕಲ್ಲ. ಈಗಾಗಲೇ ಬೆನ್ನು ಮುರಿದು ರಿಪೇರಿ ಬೇಕಾದವನ್ನು ಮಾತ್ರ ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಸರಿ ಮಾಡಿಸುವುದು ಎಂಬ ಒಪ್ಪಂದವಾಯಿತು. ಹಸಿರು ಬಟ್ಟೆಯ ಪುಸ್ತಕಗಳಲ್ಲಿ ಅಂಥವು ಕೆಲವೇ ಇದ್ದವು.

ರಹಮತ್ ಸಾಬ್ ತಮ್ಮ ಸಲಕರಣೆ ತೆಗೆದುಕೊಂಡು ಬಂದರು. ಒದ್ದೆ ಬಟ್ಟೆಯನ್ನು ಬೆನ್ನಿನ ಮೇಲೆ ಹಾಸಿ, ಅಂಟು ನೆನೆಯುವವರೆಗೆ ಕಾದು, ಮೊಂಡು ಚಾಕುವಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು. ಮೊದಲ ಪುಸ್ತಕದಲ್ಲಿ ಹಾರ್ಮೋನಿಯಂ ಅಂಗಡಿ. ಎರಡನೆಯದರಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಒಬ್ಬ ದರ್ಜಿ. ಇನ್ನೊಂದರಲ್ಲಿ ಸಾಕ್ಷಾತ್ ಹಲ್ಲುಪುಡಿ! ನಂಜುಂಡಯ್ಯನವರನ್ನು ನೆನೆದು ನಾನೊಬ್ಬಳೇ ನಕ್ಕೆ. ಗೌತಮಿ ನಗಲಿಲ್ಲ. ಉಗುರು ಕಚ್ಚುತ್ತ ನಿಂತಿದ್ದಳು. ಉಳಿದದ್ದು ರೇಷ್ಮೆ ಹುಳು ಸಾಕಣೆಯ ಪುಸ್ತಕವೊಂದೇ.

ಅದರ ಬೆನ್ನಿಂದ ಬಂದ ಪಟ್ಟಿಯನ್ನು ಸಾಬ್ರು ಗಾಜಿನ ಮೇಲೆ ಹರಡಿದರು. ಗೌತಮಿ ಬಗ್ಗಿ ಓದಿದಳು. “ಹಲಸೂರು ಹೆಂಗಸರ” ಎಂದಳು, ಅಲ್ಲಿಗೆ ನಿಲ್ಲಿಸಿದಳು.

“ಹೆಂಗಸರ ಏನು?”

“ಅಷ್ಟೇ ಮೇಡಂ. ಕತ್ತರಿಸಿಬಿಟ್ಟಿದ್ದಾರೆ.”

ಬೆನ್ನಿನ ಅಗಲಕ್ಕೆ ತಕ್ಕಂತೆ ಪುಟವನ್ನು ಉದ್ದಕ್ಕೆ ಸೀಳಿದ್ದರು. ಪ್ರತಿ ಸಾಲಿನ ಎಡಭಾಗ ಉಳಿದಿತ್ತು, ಬಲಭಾಗ ಇರಲಿಲ್ಲ. ಹಿಂಬದಿಯಲ್ಲಿ ಆ ಪತ್ರಿಕೆಯ ಪ್ರೆಸ್ಸಿನ ಹೆಸರಿತ್ತು, ಆದ್ದರಿಂದ ಯಾವ ಪತ್ರಿಕೆಯದೆಂಬ ಅನುಮಾನವಿರಲಿಲ್ಲ. ಆದರೆ ರಾಜಶೇಖರ್ ಸರ್ ಬಂದು, ಭೂತಗನ್ನಡಿಯಲ್ಲಿ ನೋಡಿ, ನಿಟ್ಟುಸಿರು ಬಿಟ್ಟರು. “ಹೆಂಗಸರ ಭಜನೆ ಮಂಡಳಿನೂ ಆಗಿರಬಹುದು, ಹೊಲಿಗೆ ಕ್ಲಾಸೂ ಆಗಿರಬಹುದು. ಕೊನೇಲಿ ಅಕ್ಷರ ಬಾರದವರು ಅಂತಿದೆ, ಅವರು ಬರಬೇಕೋ ಬೇಡ್ವೋ ಅಂತ ಇಲ್ಲ. ನಾನು ಒಪ್ಕೊಂಡ್ರೂ ನಾಳೆ ವೈವಾದಲ್ಲಿ ಕೇಳ್ತಾರಮ್ಮ.” ಗೌತಮಿಯ ಕಣ್ಣಲ್ಲಿ ನೀರು ಬಂತು. ಇನ್ನರ್ಧ ಯಾವ ಪುಸ್ತಕದ ಬೆನ್ನಲ್ಲಿತ್ತೋ, ಇತ್ತೋ ಇಲ್ಲವೋ. ಬಿಚ್ಚಲು ಇನ್ನು ಮುರಿದ ಪುಸ್ತಕ ಉಳಿದಿರಲಿಲ್ಲ.

“ನಿಮ್ಮಜ್ಜಿಗೆ ತೋರಿಸಿದ್ಯಾ?” ಎಂದೆ. ಇಲ್ಲ, ಪೂರ್ತಿ ಸಿಕ್ಕ ಮೇಲೆ ಹೇಳೋಣವೆಂದು ಸುಮ್ಮನಿದ್ದಾಳಂತೆ. “ಆ ಬೋರ್ಡಲ್ಲಿ ಏನು ಬರೆದಿತ್ತು ಅಂತ ಕೇಳಿದ್ಯಾ?” ಬೋರ್ಡಿನ ಮಾತನ್ನೇ ಪತ್ರಿಕೆಗೂ ಕೊಟ್ಟಿರಬಹುದೆಂದು ನನಗೆ ಹೊಳೆದಿತ್ತು. ಅವಳು ಅದನ್ನೂ ಕೇಳಿರಲಿಲ್ಲ. ಬೋರ್ಡಿತ್ತು ಎಂದು ಅಜ್ಜಿ ಎಷ್ಟು ಸಲ ಹೇಳಿದ್ದರೋ! ಅದರಲ್ಲಿ ಏನಿತ್ತೆಂದು ಮನೆಯಲ್ಲೂ ಯಾರೂ ಕೇಳಿರಲಿಲ್ಲ. “ಹಾಗಾದ್ರೆ ಈಗಲೂ ಏನೂ ಕೇಳ್ಬೇಡ, ನಾವು ಹೇಳ್ಕೊಟ್ಟಿದ್ದು ಅಂತ ಯಾರೂ ಅನ್ನಬಾರದು. ಸುಮ್ನೆ ಕರ್ಕೊಂಡು ಬಾ. ಸರ್, ನೀವೂ ಬನ್ನಿ” ಎಂದೆ.

ಮುನಿಯಮ್ಮ ಆಟೋದಲ್ಲಿ ಬಂದರು. ಬಿಳಿ ಸೀರೆ, ಕೈಯಲ್ಲಿ ಕೋಲು, ಕಿವಿಯಲ್ಲಿ ದೊಡ್ಡ ಓಲೆ. ಹೊರಗಿನವರಿಗೆ ಒಂದು ದಿನದ ಓದುಗರ ಚೀಟಿ ಕೊಡುವ ಪದ್ಧತಿ ನಮ್ಮಲ್ಲಿತ್ತು. ಬರೆದುಕೊಟ್ಟಾಗ ಅದನ್ನು ಓದಿ ನೋಡಿ ಸೆರಗಿನಲ್ಲಿ ಕಟ್ಟಿಕೊಂಡರು. ಓದುವ ಕೋಣೆಯ ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಮೆತ್ತೆಯ ಕುರ್ಚಿ ಇಟ್ಟಿದ್ದೆ. ಅಲ್ಲಿ ಕೂರಲು ಒಪ್ಪಲಿಲ್ಲ. ಕೋಲೂರಿಕೊಂಡು ನಡೆದು ಎಲ್ಲಕ್ಕಿಂತ ಮುಂದಿನ ಮೇಜಿಗೇ ಹೋಗಿ ಕೂತರು. ಕಣ್ಣು ಮಂದವಿರಬೇಕು, ಬೆಳಕಿಗೆ ಹೋದರು ಎಂದುಕೊಂಡೆ.

ಪಟ್ಟಿಯನ್ನು ಅವರ ಮುಂದೆ ಮೇಜಿನ ಮೇಲೆ ಇಟ್ಟೆವು. ಭೂತಗನ್ನಡಿ ಕೊಟ್ಟರೆ ಬೇಡವೆಂದು ಸರಿಸಿದರು. ಅಕ್ಷರಗಳು ದಪ್ಪಗಿದ್ದವು. ಆಮೇಲೆ ತೋರುಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟು, ಶಾಲೆಯ ಮಗುವಿನ ರಾಗದಲ್ಲಿ, ಗಟ್ಟಿಯಾಗಿ ತಮಿಳಿನಲ್ಲಿ ಓದಲು ಶುರು ಮಾಡಿದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು.

“ಹಲಸೂರು ಹೆಂಗಸರ” ಎನ್ನುವಲ್ಲಿ ಕಾಗದ ಮುಗಿಯಿತು. ಬೆರಳು ನಿಲ್ಲಲಿಲ್ಲ. ಬರಿಯ ಮೇಜಿನ ಮೇಲೆ ಅದೇ ವೇಗದಲ್ಲಿ ಮುಂದಕ್ಕೆ ಹೋಯಿತು. “ಓದುವ ಮನೆ.”

ಬೆರಳು ಮತ್ತೆ ಎಡಕ್ಕೆ ಬಂತು. “ಸಂಜೆ ದೀಪ” ಎಂದು ಕಾಗದದಲ್ಲಿತ್ತು, “ಹಚ್ಚಿದ ಮೇಲೆ ತೆರೆದಿರುತ್ತದೆ” ಎಂದು ಮೇಜಿನ ಮೇಲೆ. “ಜಾತಿ ಮತ” ಕಾಗದದಲ್ಲಿ, “ಕೇಳುವುದಿಲ್ಲ” ಮೇಜಿನ ಮೇಲೆ. “ಮಗು ಇದ್ದವರು... ಮಗುವನ್ನೂ ಕರೆತನ್ನಿ.” ಅಂಚು ಎಲ್ಲಿದೆಯೆಂದು ಒಮ್ಮೆಯೂ ಅವರು ತಡವರಿಸಲಿಲ್ಲ. ಅದು ಕತ್ತರಿಸಿದ ಕಾಗದವೆಂದು ಅವರಿಗೆ ತಿಳಿದಂತೆಯೇ ಇರಲಿಲ್ಲ. ಕೊನೆಯ ಸಾಲು “ಅಕ್ಷರ ಬಾರದವರು” ಎಂದಿತ್ತು. ಅಜ್ಜಿ ಬೆರಳನ್ನು ಮೇಜಿನ ತುದಿಯವರೆಗೂ ಎಳೆದು ಮುಗಿಸಿದರು. “ಮುಂದಿನ ಸಾಲಿನಲ್ಲಿ ಕೂರಬೇಕು.”

ರಾಜಶೇಖರ್ ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಅಡಿಟಿಪ್ಪಣಿ ಬರ್ಕೊಳಮ್ಮ ಗೌತಮಿ” ಎಂದರು. “ಎಡಭಾಗ, ರೇಷ್ಮೆ ಹುಳು ಸಾಕಣೆ ಪುಸ್ತಕದ ಬೆನ್ನು, ನಮ್ಮ ಲೈಬ್ರರಿ. ಬಲಭಾಗ, ಶ್ರೀಮತಿ ಮುನಿಯಮ್ಮ, ಅಲ್ಲಿ ಓದಿದವರು. ಎರಡೂ ಸೇರಿದ್ರೆ ಒಂದು ಪುಟ. ಯಾರು ಕೇಳ್ತಾರೋ ಕೇಳ್ಲಿ, ನಾನಿದ್ದೀನಿ.”

ಗೌತಮಿ ಬರೆದುಕೊಳ್ಳಲಿಲ್ಲ. ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅಳುತ್ತಿದ್ದಳು. ಅಜ್ಜಿಗೆ ಇದರ ತಲೆಬುಡ ತಿಳಿಯಲಿಲ್ಲ. “ಯಾಕೆ ಅಳ್ತಿದೆ ಈ ಹುಡುಗಿ? ಬರ್ಕೋಬೇಕು ತಾನೆ?” ಎಂದು ಅವಳ ತಲೆ ಸವರುತ್ತ ಕೇಳಿದರು. ನಾನೂ ಹಿಂದಕ್ಕೆ ಹೋಗಿ ಗೋಡೆಗೊರಗಿ ಕಣ್ಣೊರೆಸಿಕೊಂಡೆ, ಮುಚ್ಚಿಡುವುದೇನು. ಸುಮ್ಮನಿರಲಾರದೆ, “ಪಟ್ಟಿ ಸಿಕ್ಕಿ ಅಷ್ಟು ದಿನ ಆಯ್ತು ಅಜ್ಜಿ, ನಂಗೆ ತಮಿಳು ಅಕ್ಷರ ಬರಲ್ಲ, ಏನಿದೆ ಅಂತ ನೋಡಿದ್ರೂ ತಿಳೀಲಿಲ್ಲ” ಎಂದೆ.

ಮುನಿಯಮ್ಮ ತಲೆಯೆತ್ತಿ, ಕೋಣೆಯ ಹಿಂದೆ ಗೋಡೆಗೊರಗಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬರಲ್ವಾ? ಮತ್ತೆ ಅಲ್ಲೇನು ಮಾಡ್ತಿದ್ದೀಯ ಹಿಂದೆ?” ಎಂದು ಪಕ್ಕದ ಕುರ್ಚಿಯನ್ನು ಕೋಲಿನಿಂದ ತಟ್ಟಿದರು. “ವಾ ಕಣ್ಣು, ಬಾ ಮಗಳೇ. ಮುಂದೆ ಬಂದು ಕೂತ್ಕೋ.”

ಹೋಗಿ ಕೂತೆ.